‘ಅದೇ ಫ್ಲೈಟಲ್ಲಿ ಮಾಡಿ ಅಕ್ಕ’

ಮಂಗಳೂರು ಹಂಪನಕಟ್ಟೆಯ ಹಳೇ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನನ್ನ ಆಫೀಸು. ಒಂದು ಉದ್ದ ಮೇಜು, ಎರಡು ಕಂಪ್ಯೂಟರು, ಮೂಲೆಯಲ್ಲಿ ಲಗೇಜು ತೂಗುವ ತಕ್ಕಡಿ. ಗೋಡೆಯಲ್ಲಿ ಮೂರು ವಿಮಾನ ಕಂಪನಿಗಳ ಕ್ಯಾಲೆಂಡರು ಇನ್ನೂ ನೇತಾಡುತ್ತಿವೆ. ಆ ಮೂರರಲ್ಲಿ ಒಂದೂ ಈಗ ಹಾರುತ್ತಿಲ್ಲ. ತೆಗೆಯಲಿಕ್ಕೆ ಮನಸ್ಸು ಬಂದಿಲ್ಲ, ಹಾಗೇ ಬಿಟ್ಟಿದ್ದೇನೆ.

1994ರಲ್ಲಿ ಟಿಕೆಟ್ ಬರೆಯುವ ಹುಡುಗಿಯಾಗಿ ಈ ಕಸುಬಿಗೆ ಬಂದೆ. ಆಗ ಟಿಕೆಟ್ ಎಂದರೆ ಚೆಕ್ ಪುಸ್ತಕದಂಥ ಕಟ್ಟು. ಹಾಳೆಯ ಬೆನ್ನಿಗೇ ಕೆಂಪು ಕಾರ್ಬನ್. ಒತ್ತಿ ಬರೆದರೆ ಅಕ್ಷರ ಕೆಳಗಿನ ಎಲ್ಲ ಪ್ರತಿಗೂ ಇಳಿಯುತ್ತಿತ್ತು, ಜೊತೆಗೆ ನನ್ನ ಬೆರಳಿಗೂ, ಸೀರೆಯ ಸೆರಗಿಗೂ. 2008ರ ಜೂನ್ 1ರಿಂದ ಕಾಗದದ ಟಿಕೆಟ್ ಜಗತ್ತಿನಲ್ಲೇ ನಿಂತುಹೋಯಿತು. ಬೆರಳಿನ ಕೆಂಪು ಹೋಯಿತು, ಹೆಸರು ಮಾತ್ರ ಹೋಗಲಿಲ್ಲ. ಈಗಲೂ ಗಿರಾಕಿಗಳ ಬಾಯಲ್ಲಿ ನಾನು ‘ಟಿಕೆಟಿನ ಅಕ್ಕ’.

ಫೋನು ಬಂದರೆ ಹತ್ತರಲ್ಲಿ ಎಂಟು ಮಂದಿ ಹೇಳುವುದು ಒಂದೇ ಮಾತು: ‘ಯಾವುದು ಕಡಿಮೆ ಉಂಟೋ ಅದರಲ್ಲಿ ಮಾಡಿ.’ ಇವರ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ. ನನ್ನ ಕುತೂಹಲ ಉಳಿದ ಇಬ್ಬರ ಮೇಲೆ. ಒಬ್ಬರು, ‘ಅದೇ ಫ್ಲೈಟಲ್ಲಿ ಮಾಡಿ ಅಕ್ಕ, ಎರಡು ಸಾವಿರ ಹೆಚ್ಚಾದರೂ ಅಡ್ಡಿಯಿಲ್ಲ’ ಎನ್ನುತ್ತಾರೆ. ಇನ್ನೊಬ್ಬರು, ‘ಅದೊಂದು ಬಿಟ್ಟು ಯಾವುದಾದರೂ ಆದೀತು’ ಎನ್ನುತ್ತಾರೆ. ಇಬ್ಬರನ್ನೂ ನಾನು ಬಿಡುವುದಿಲ್ಲ, ಯಾಕೆ ಎಂದು ಕೇಳಿಯೇ ಕೇಳುತ್ತೇನೆ. ವಿಮಾನ ಹೊಸದು, ಸೀಟು ಅಗಲ, ಊಟ ಚೆನ್ನ ಎಂದು ಹೇಳಿದವರು ಬೆರಳೆಣಿಕೆ. ಉತ್ತರದಲ್ಲಿ ಪ್ರತಿಸಲ ಒಬ್ಬ ಮನುಷ್ಯ ಇರುತ್ತಾನೆ. ‘ಆವತ್ತು ಕೌಂಟರಿನಲ್ಲಿ ಒಂದು ಹುಡುಗಿ ಇತ್ತು...’ ಎಂದು ಕತೆ ಶುರುವಾಗುತ್ತದೆ. ಕಂಪನಿಯ ಹಣೆಬರಹ ಆ ಹುಡುಗಿಯ ಬಾಯಿಂದ ಬಂದ ಮುಂದಿನ ಮಾತಿನಲ್ಲಿ ಬರೆದಾಗಿರುತ್ತದೆ.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ದರದಲ್ಲಿ ವ್ಯತ್ಯಾಸವಿಲ್ಲ. ಆದರೂ ಮೂಲ್ಕಿಯಲ್ಲಿ ನಿಂತ ಟೀಚರು ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತುತ್ತಾರೆ. ಆ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲದಿದ್ದರೆ ‘ನಾಳೆ ಕೊಡಿ’ ಎನ್ನುತ್ತಾನೆ. ಮರೆತುಹೋದ ಕೊಡೆಯನ್ನು ಸಂಜೆ ಅದೇ ಸ್ಟಾಪಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾನೆ. ಖಾಯಂ ಗಿರಾಕಿ ಹುಟ್ಟುವುದು ಹೀಗೆ. ವಿಮಾನದವರು ಅದನ್ನು ‘ಲಾಯಲ್ಟಿ’ ಎಂದು ಕರೆದು, ಅದಕ್ಕೊಂದು ಇಲಾಖೆ ಮಾಡಿ, ಮೇಲೆ ಒಬ್ಬ ಉಪಾಧ್ಯಕ್ಷರನ್ನು ಕೂರಿಸಿದ್ದಾರೆ.

ನನ್ನದೇ ಅನುಭವ ಒಂದು ಹೇಳುತ್ತೇನೆ. ಕೆಲವು ವರ್ಷದ ಹಿಂದಿನ ಜುಲೈ ತಿಂಗಳು. ಮುಂಬೈಯಲ್ಲಿ ತಮ್ಮನ ಮನೆಗೆ ಹೋಗಿದ್ದ ಅಮ್ಮನನ್ನು ಕರೆದುಕೊಂಡು ಸಂಜೆಯ ವಿಮಾನದಲ್ಲಿ ವಾಪಸು ಬರುತ್ತಿದ್ದೆ. ನಮ್ಮ ಬಜಪೆ ವಿಮಾನ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ. ರನ್‌ವೇಯ ಎರಡೂ ತುದಿ ದಾಟಿದರೆ ಕಣಿವೆ. ಆಟಿ ತಿಂಗಳ ಮೋಡ ಆ ಗುಡ್ಡಕ್ಕೆ ಕಂಬಳಿಯ ಹಾಗೆ ಕೂತಿತೆಂದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂ ಬಾರದು. ನಮ್ಮ ವಿಮಾನ ಎರಡು ಸುತ್ತು ಹಾಕಿ ಬೆಂಗಳೂರಿಗೆ ತಿರುಗಿತು. ದೇವನಹಳ್ಳಿಯಲ್ಲಿ ಇಳಿದಾಗ ಒಂಬತ್ತೂಕಾಲು. ನಮ್ಮ ಹಿಂದೆಯೇ ಇನ್ನೊಂದು ಕಂಪನಿಯ ಮುಂಬೈ–ಮಂಗಳೂರು ವಿಮಾನವೂ ಬಂದು ಇಳಿಯಿತು. ಅದರಲ್ಲಿ ನನ್ನ ಗಿರಾಕಿ, ಬಂಟ್ವಾಳ ಕಡೆಯ ಗೇರುಬೀಜದ ವ್ಯಾಪಾರಿಯೊಬ್ಬರಿದ್ದರು. ಟಿಕೆಟ್ ನಾನೇ ಮಾಡಿಕೊಟ್ಟದ್ದು. ಮಳೆ ಒಂದೇ, ನಿಲ್ದಾಣ ಒಂದೇ. ಮುಂದಿನ ಕತೆ ಎರಡು.

ಅವರ ವಿಮಾನ ಕಂಪನಿಯ ಹುಡುಗಿ ಇಪ್ಪತ್ತು ನಿಮಿಷದಲ್ಲಿ ಒಂದು ಹಾಳೆ ಹಿಡಿದು ಬಂದಳು. ಗಲಾಟೆಯಲ್ಲಿ ಕೇಳುವುದಿಲ್ಲವೆಂದು ಕುರ್ಚಿ ಹತ್ತಿ ನಿಂತಳು. ‘ಇವತ್ತು ರಾತ್ರಿ ಮಂಗಳೂರಿಗೆ ವಿಮಾನ ಹೋಗೋದಿಲ್ಲ. ನಾಳೆ ಬೆಳಿಗ್ಗೆ ಏಳಕ್ಕೆ ಒಂದು ಪ್ರಯತ್ನ ಮಾಡ್ತೀವಿ, ಅದೂ ಮಳೆ ಬಿಟ್ಟರೆ. ಬಸ್ಸಲ್ಲಿ ಹೋಗೋರು ನನ್ನ ಎಡಕ್ಕೆ ಬನ್ನಿ, ಬೆಳಿಗ್ಗೆ ಹೋಗೋರು ಬಲಕ್ಕೆ. ದುಡ್ಡು ವಾಪಸ್ ಬೇಕಾದೋರು ಇಲ್ಲಿ ಹೆಸರು ಬರೆಸಿ.’ ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದಳು. ಒಬ್ಬ ಗೃಹಸ್ಥ ಜೋರು ಮಾಡಿದ. ಅವಳು ‘ಹೌದು ಸರ್, ತೊಂದರೆ ಆಗಿದೆ’ ಎಂದು ಒಪ್ಪಿಕೊಂಡು ಅವನ ಹೆಸರನ್ನೇ ಮೊದಲು ಬರೆದುಕೊಂಡಳು. ಹನ್ನೊಂದಕ್ಕೆ ಎರಡು ಬಸ್ಸು ಹೊರಟವು. ಮುನ್ನೂರೈವತ್ತು ಕಿಲೋಮೀಟರು, ರಾತ್ರಿಯಿಡೀ ಮಳೆ, ಶಿರಾಡಿ ಘಾಟಿಯ ಹೊಂಡ. ನಮ್ಮ ಗೇರುಬೀಜದವರು ಮನೆ ಮುಟ್ಟಿದಾಗ ಬೆಳಿಗ್ಗೆ ಏಳು. ಒಂದೂಕಾಲು ಗಂಟೆಯ ಪ್ರಯಾಣ ಅವರಿಗೆ ಹದಿಮೂರು ಗಂಟೆ ಹಿಡಿಯಿತು. ಆದರೂ ಅದನ್ನವರು ದೂರಾಗಿ ಹೇಳುವುದಿಲ್ಲ, ಯುದ್ಧ ಗೆದ್ದು ಬಂದವರ ಹಾಗೆ ಹೇಳುತ್ತಾರೆ. ‘ಹುಡುಗಿ ಎಂಥ ಚುರುಕು ಮಾರಾಯ್ರೆ!’ ಆಮೇಲೆ ಅವರಿಗೆ ಬೇರೆ ಕಂಪನಿಯ ಟಿಕೆಟ್ ಮಾಡಿಕೊಟ್ಟ ನೆನಪು ನನಗಿಲ್ಲ.

ನಮ್ಮ ಗೇಟಿನಲ್ಲಿದ್ದವನು ಸಣಕಲು ಹುಡುಗ. ‘ಹದಿನೈದು ನಿಮಿಷದಲ್ಲಿ ಅಪ್‌ಡೇಟ್ ಕೊಡ್ತೀವಿ’ ಎಂದ. ಒಂಬತ್ತೂವರೆಗೆ ಹೇಳಿದ, ಹತ್ತಕ್ಕೆ ಹೇಳಿದ, ಹನ್ನೆರಡಕ್ಕೂ ಅದೇ ಹದಿನೈದು ನಿಮಿಷ. ಜನ ಅವನ ಮೇಲೆ ಹರಿಹಾಯ್ದರು. ನಾನು ಈ ವ್ಯಾಪಾರದವಳೇ ಆದ್ದರಿಂದ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ, ‘ನಿಜ ಹೇಳಪ್ಪ, ನಿಂಗೆ ಏನಾದರೂ ಗೊತ್ತುಂಟಾ?’ ‘ಮೇಡಂ, ಸ್ಕ್ರೀನಲ್ಲಿ ಬರೋದಷ್ಟೇ ನಂಗೂ ಗೊತ್ತು. ಮೇಲಿನವ್ರು ಫೋನ್ ಎತ್ತುತಿಲ್ಲ’ ಎಂದ. ಕೊರಳಿನ ಐಡಿ ಪಟ್ಟಿ ನೋಡಿದೆ. ಅದರಲ್ಲಿದ್ದದ್ದು ವಿಮಾನ ಕಂಪನಿಯ ಹೆಸರಲ್ಲ, ನೆಲದ ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಯ ಹೆಸರು. ಅಮ್ಮನಿಗೆ ಮಾತ್ರೆ ತಕ್ಕೊಳ್ಳಲಿಕ್ಕೆ ಬಿಸಿನೀರು ಬೇಕಿತ್ತು. ಆ ಹುಡುಗ ಎಲ್ಲಿಗೋ ಹೋಗಿ ತನ್ನದೇ ಸ್ಟೀಲ್ ಬಾಟಲಿಯಲ್ಲಿ ತಂದುಕೊಟ್ಟ. ಒಂದೂವರೆಗೆ ಎಲ್ಲರ ಮೊಬೈಲೂ ಒಟ್ಟಿಗೆ ಟಿಂಗ್ ಎಂದವು: ವಿಮಾನ ರದ್ದು. ಆ ಹೊತ್ತಿಗೆ ಊರಿನ ರಾತ್ರಿ ಬಸ್ಸುಗಳೆಲ್ಲ ಹೋಗಿ ಆಗಿತ್ತು.

ಮರುದಿನ ಮಧ್ಯಾಹ್ನ ಮನೆ ತಲುಪಿ ಕಾಲು ಚಾಚಿ ಕೂತ ಅಮ್ಮ ಹೇಳಿದ್ದು ಇಷ್ಟೇ: ‘ಹುಡುಗ ಪಾಪ, ಒಳ್ಳೆಯವ. ಆ ಕಂಪನಿ ಮಾತ್ರ ಬೇಡ.’

ಅಮ್ಮನ ಈ ತೀರ್ಪನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ. ನಗುಮುಖ, ನಮಸ್ಕಾರ, ಬಿಸಿನೀರು ಇವೆಲ್ಲ ಆ ಹುಡುಗನಲ್ಲಿತ್ತು. ಇಲ್ಲದ್ದು ಎರಡೇ: ಹೇಳಲಿಕ್ಕೆ ನಿಜ, ಮತ್ತು ‘ಬಸ್ಸು ತರಿಸಿ’ ಎಂದು ಹೇಳುವ ಅಧಿಕಾರ. ಕುರ್ಚಿ ಹತ್ತಿದ ಹುಡುಗಿಗೆ ಅವೆರಡನ್ನೂ ಯಾರೋ ಕೊಟ್ಟಿದ್ದರು. ಕಂಪನಿಯೊಂದರ ಗ್ರಾಹಕ ಸೇವೆ ಎಂದರೆ ನನ್ನ ಪ್ರಕಾರ ಇಷ್ಟೇ. ಸಮವಸ್ತ್ರದ ಬಣ್ಣ, ಕೈಮುಗಿಯುವ ತರಬೇತಿ ಎಲ್ಲ ಆಮೇಲಿನದ್ದು.

ನಾಲ್ಕು ದಶಕದ ಹಿಂದೆಯೇ ಇದನ್ನು ಕಂಡುಕೊಂಡವರೊಬ್ಬರಿದ್ದಾರೆ. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೂರೂ ದೇಶದ ಪಾಲಿದ್ದ ಎಸ್‌ಎಎಸ್ ಕಂಪನಿ ನಷ್ಟದಲ್ಲಿದ್ದಾಗ, 1981ರಲ್ಲಿ ಅದರ ಚುಕ್ಕಾಣಿ ಹಿಡಿದ ಯಾನ್ ಕಾರ್ಲ್‌ಸನ್. ಅವರ ಲೆಕ್ಕ ಬಹಳ ಸರಳ. ವರ್ಷಕ್ಕೆ ಒಂದು ಕೋಟಿ ಪ್ರಯಾಣಿಕರು, ಒಬ್ಬೊಬ್ಬರೂ ಸರಾಸರಿ ಐದು ಮಂದಿ ನೌಕರರಿಗೆ ಎದುರಾಗುತ್ತಾರೆ, ಒಬ್ಬೊಬ್ಬರ ಮುಂದೆ ನಿಲ್ಲುವುದು 15 ಸೆಕೆಂಡು. ಅಂದರೆ ವರ್ಷಕ್ಕೆ ಐದು ಕೋಟಿ ಸಲ, ಹದಿನೈದು ಹದಿನೈದು ಸೆಕೆಂಡಿನಲ್ಲಿ, ಕಂಪನಿ ಉಳಿಯುವುದೋ ಮುಳುಗುವುದೋ ತೀರ್ಮಾನವಾಗುತ್ತಿರುತ್ತದೆ. ಆ ಹದಿನೈದು ಸೆಕೆಂಡಿನಲ್ಲಿ ನೌಕರ ‘ಮೇಲಿನವರನ್ನು ಕೇಳಬೇಕು’ ಎಂದರೆ ಆಟ ಮುಗಿಯಿತು. 1985ರಲ್ಲಿ ಅವರು ಬರೆದ ಪುಸ್ತಕದ ಸ್ವೀಡಿಶ್ ಹೆಸರಿನ ಅರ್ಥವೇ ‘ಪಿರಮಿಡ್ಡುಗಳನ್ನು ಕೆಡವಿ’ ಎಂದು.

ಆ ಪುಸ್ತಕದ ಶುರುವಿನಲ್ಲೇ ಒಂದು ಪ್ರಸಂಗ ಬರುತ್ತದೆ. ಸ್ಟಾಕ್‌ಹೋಮಿನ ಗ್ರ್ಯಾಂಡ್ ಹೋಟೆಲಿನಿಂದ ಹೊರಟ ಅಮೆರಿಕದ ವ್ಯಾಪಾರಿಯೊಬ್ಬನಿಗೆ ಟಿಕೆಟನ್ನು ಕೋಣೆಯಲ್ಲೇ ಬಿಟ್ಟುಬಂದದ್ದು ನೆನಪಾಗುವುದು ವಿಮಾನ ನಿಲ್ದಾಣದಲ್ಲಿ. ನಾನು ಹೇಳಿದ ಕೆಂಪು ಕಾರ್ಬನಿನ ಕಾಲ ಅದು. ಟಿಕೆಟ್ ಇಲ್ಲವೆಂದರೆ ಪ್ರಯಾಣವೂ ಇಲ್ಲ. ಕೌಂಟರಿನಾಕೆ ಅವನಿಗೆ ತಾತ್ಕಾಲಿಕ ಟಿಕೆಟ್ ಬರೆದುಕೊಟ್ಟು, ಹೋಟೆಲಿಗೆ ಫೋನು ಮಾಡಿ, ಕಾರು ಕಳಿಸಿ ಟಿಕೆಟನ್ನೇ ತರಿಸಿಬಿಟ್ಟಳು. ಅವನು ಕೋಪನ್‌ಹೇಗನ್ ವಿಮಾನ ಹತ್ತುವ ಮೊದಲು ಟಿಕೆಟ್ ಕೈಯಲ್ಲಿತ್ತು. ಆಕೆ ಯಾರನ್ನೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ.

ನಮ್ಮಲ್ಲೂ ಅಂಥ ಕಾಲ ಇತ್ತು. ಏರ್ ಇಂಡಿಯಾದ ಅಧ್ಯಕ್ಷರಾಗಿದ್ದ ಜೆ.ಆರ್.ಡಿ. ಟಾಟಾ ತಮ್ಮದೇ ವಿಮಾನದಲ್ಲಿ ಹೋಗಿ ಬಂದಾಗಲೆಲ್ಲ ಚಹಾದ ಬಣ್ಣದಿಂದ ಹಿಡಿದು ಪರದೆಯ ಕೊಳೆಯವರೆಗೆ ಟಿಪ್ಪಣಿ ಬರೆದು ಅಧಿಕಾರಿಗಳಿಗೆ ಕಳಿಸುತ್ತಿದ್ದರಂತೆ. ಅದು ಮೇಲಿನ ತುದಿ. ಕೆಳಗಿನ ತುದಿಯಲ್ಲಿ ಮಂಗಳೂರಿನಂಥ ಊರಿನಲ್ಲೂ ವಿಮಾನ ಕಂಪನಿಗೊಂದು ಸಿಟಿ ಆಫೀಸು, ಅದಕ್ಕೊಬ್ಬ ಮ್ಯಾನೇಜರ್ ಇರುತ್ತಿದ್ದರು. ತುರ್ತು ಎಂದರೆ ಅವರ ಮೇಜಿನ ಮುಂದೆ ಹೋಗಿ ನಿಲ್ಲಬಹುದಿತ್ತು. ‘ಆಗುವುದಿಲ್ಲ’ ಎಂದರೂ ಮುಖ ನೋಡಿ ಹೇಳುತ್ತಿದ್ದರು. ಈಗ ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ. ಅದಾದರೆ ಚಾಟ್‌ಬಾಟ್. ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಆಗ ವಿಮಾನ ಹತ್ತುತ್ತಿದ್ದವರೇ ಕೆಲವರು. ಇವತ್ತು ನನ್ನ ಮೀನು ಮಾರುವ ಗೆಳತಿಯೂ ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿಬರುತ್ತಾಳೆ. ಟಿಕೆಟ್ ಅಗ್ಗವಾಗಬೇಕಾದರೆ ಎಲ್ಲಿಂದಲಾದರೂ ಉಳಿಸಬೇಕು, ಮೊದಲು ಕತ್ತರಿ ಬಿದ್ದದ್ದು ಮೇಜಿನ ಹಿಂದೆ ಕೂತ ಮನುಷ್ಯನ ಮೇಲೆ.

ನನ್ನ ಮೇಜಿನ ಗಾಜಿನಡಿ ಈಗಲೂ ಒಂದು ಮೊಬೈಲ್ ನಂಬರಿನ ಚೀಟಿ ಇದೆ. ಒಂದು ಕಂಪನಿಯ ವಿಮಾನ ನಿಲ್ದಾಣದ ಡ್ಯೂಟಿ ಮ್ಯಾನೇಜರ್ ಅವರದು. ಅದರ ಹಿಂದೆ ಒಂದು ಕತೆ ಉಂಟು. ಉಳ್ಳಾಲ ಕಡೆಯ ಹುಡುಗನೊಬ್ಬ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾನೆ. ರಜೆಯ ಟಿಕೆಟ್ ಮುಂದಿನ ವಾರಕ್ಕಿತ್ತು. ಒಂದು ರಾತ್ರಿ ಅವನ ಅಪ್ಪ ತೀರಿಕೊಂಡರು. ಅವರಲ್ಲಿ ದಫನಕ್ಕೆ ಹೆಚ್ಚು ಕಾಯುವಂತಿಲ್ಲ. ಅವನ ಕಾಕ ನನಗೆ ಫೋನು ಮಾಡಿ, ‘ಹೇಗಾದರೂ ಮಾಡಿ ಅಕ್ಕ, ಮಗನಿಗೊಂದು ಸಲ ಮುಖ ತೋರಿಸಬೇಕು’ ಎಂದರು. ಕಾಲ್ ಸೆಂಟರಿನಲ್ಲಿ ಬದಲಾವಣೆ ಶುಲ್ಕ, ದರದ ವ್ಯತ್ಯಾಸ ಎಲ್ಲ ಸೇರಿ ಅವನ ತಿಂಗಳ ಸಂಬಳದ ಅರ್ಧ ಹೇಳಿದರು. ಅದೂ ಸೀಟು ಖಾತ್ರಿಯಿಲ್ಲ. ಚೀಟಿಯ ನಂಬರಿಗೆ ಫೋನು ಹಚ್ಚಿದೆ. ರಾತ್ರಿ ಹನ್ನೊಂದೂವರೆ. ಅವರು ಹೆಚ್ಚು ಮಾತಾಡಲಿಲ್ಲ. ‘ಪಿಎನ್ಆರ್ ಕಳಿಸಿ. ಸಾವಿನ ಮನೆಯ ವಿಷಯ, ಶುಲ್ಕದ ಚಿಂತೆ ನನಗಿರಲಿ’ ಎಂದರು. ಇಪ್ಪತ್ತು ನಿಮಿಷದಲ್ಲಿ ಬೆಳಗಿನ ವಿಮಾನಕ್ಕೆ ಟಿಕೆಟ್ ಬದಲಾಗಿ ಬಂತು. ಹುಡುಗ ಮಣ್ಣಿಗೆ ಮೊದಲು ಮನೆ ಮುಟ್ಟಿದ.

ಆ ಮನೆಯಲ್ಲಿ ಗಲ್ಫಿನಲ್ಲಿರುವವರು ಐದು ಮಂದಿ. ಅಲ್ಲಿಂದೀಚೆ ಐದೂ ಮಂದಿಯ ಟಿಕೆಟ್ ಅದೇ ಕಂಪನಿಯದು. ಕಂಪನಿ ಬಿಟ್ಟುಕೊಟ್ಟದ್ದು ಕೆಲವು ಸಾವಿರ. ಬಂದದ್ದೆಷ್ಟು ಎಂದು ಅದರ ಲೆಕ್ಕದ ಇಲಾಖೆಗೆ ಬಹುಶಃ ಯಾವತ್ತೂ ತಿಳಿಯಲಿಕ್ಕಿಲ್ಲ, ಯಾಕೆಂದರೆ ಅಂಥದ್ದನ್ನು ತುಂಬಿಸುವ ಕಾಲಂ ಅವರ ಪಟ್ಟಿಯಲ್ಲಿಲ್ಲ.

ತಪ್ಪಾದ ಮೇಲೆ ಚೆನ್ನಾಗಿ ಸರಿಪಡಿಸಿದರೆ, ತಪ್ಪೇ ಆಗದಿದ್ದವರಿಗಿಂತ ಹೆಚ್ಚು ಗಟ್ಟಿಯಾಗಿ ಗಿರಾಕಿ ಅಂಟಿಕೊಳ್ಳಬಹುದು ಎಂಬ ಮಾತು ವಿದ್ವಾಂಸರಲ್ಲೂ ಇದೆ. 1992ರಲ್ಲಿ ಮೈಕೆಲ್ ಮೆಕಲಫ್ ಮತ್ತು ಸುಂದರ್ ಭಾರದ್ವಾಜ್ ಎಂಬ ಇಬ್ಬರು ಇದಕ್ಕೊಂದು ಹೆಸರನ್ನೂ ಕೊಟ್ಟರು. ‘ಸರ್ವಿಸ್ ರಿಕವರಿ ಪ್ಯಾರಾಡಾಕ್ಸ್’ ಎನ್ನುತ್ತಾರೆ. ನಮ್ಮ ಗೇರುಬೀಜದವರು ಅದಕ್ಕೆ ನಡೆದಾಡುವ ಸಾಕ್ಷಿ. ಆದರೆ ಹತ್ತು ವರ್ಷದ ನಂತರ ಬಂದ ಇನ್ನೊಂದು ಅಧ್ಯಯನ ಒಂದು ಎಚ್ಚರಿಕೆ ಸೇರಿಸಿತು: ಈ ಮಾಯೆ ನಡೆಯುವುದು ಒಂದು ಸಲ. ಎರಡನೇ ಸಲವೂ ಎಡವಿದರೆ ಎಷ್ಟು ಚೆನ್ನಾಗಿ ಕ್ಷಮೆ ಕೇಳಿದರೂ ಜನ ನಂಬುವುದಿಲ್ಲ. ‘ಇವರದ್ದು ಯಾವಾಗಲೂ ಹೀಗೇ’ ಎಂದುಬಿಡುತ್ತಾರೆ. ಒಮ್ಮೆ ಆದರೆ ಗ್ರಹಚಾರ, ಮತ್ತೆ ಆದರೆ ಗುಣ.

ಇಷ್ಟೆಲ್ಲ ಇರುವಾಗ ಕಂಪನಿಗಳು ನಿಷ್ಠೆಯನ್ನು ಹುಡುಕಿದ್ದು ಮಾತ್ರ ಕಾರ್ಡಿನಲ್ಲಿ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ 1ರಂದು ಹಾರಿದಷ್ಟು ಮೈಲಿಗೆ ಇಷ್ಟು ಎಂದು ಲೆಕ್ಕ ಹಿಡಿದು ಬಿಟ್ಟಿ ಟಿಕೆಟ್ ಕೊಡುವ ಯೋಜನೆ ತಂದಿತು. ಉಳಿದವರು ಹಿಂಬಾಲಿಸಿದರು. ಈಗ ಆ ಪಾಯಿಂಟುಗಳನ್ನು ಬ್ಯಾಂಕುಗಳು ಸಗಟಾಗಿ ಕೊಂಡು ತಮ್ಮ ಕ್ರೆಡಿಟ್ ಕಾರ್ಡಿನವರಿಗೆ ಹಂಚುತ್ತವೆ. ಅದೇ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಎಷ್ಟು ದೊಡ್ಡದೆಂದರೆ, 2020ರಲ್ಲಿ ಕೋವಿಡ್ ಬಂದು ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ ಏರ್‌ಲೈನ್ಸ್ ತನ್ನ ಪಾಯಿಂಟಿನ ಯೋಜನೆಯನ್ನೇ ಅಡವಿಟ್ಟು ಶತಕೋಟಿಗಟ್ಟಲೆ ಡಾಲರ್ ಸಾಲ ಎತ್ತಿತು. ವಿಮಾನ ನಿಂತರೂ ಪಾಯಿಂಟಿಗೆ ಬೆಲೆ ಇತ್ತು!

ನನ್ನ ಕೆಲವು ಗಿರಾಕಿಗಳಿಗೆ ಪಾಯಿಂಟ್ ಎಂದರೆ ಚೀಟಿ ಫಂಡು. ತಿಂಗಳು ತಿಂಗಳು ನೋಡಿ ಖುಷಿಪಡುತ್ತಾರೆ. ತಪ್ಪಲ್ಲ. ಆದರೆ ಚೀಟಿ ಫಂಡಿನವನು ಓಡಿಹೋದದ್ದನ್ನೂ ನಾನು ನೋಡಿದ್ದೇನೆ. ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ನಿಂತಾಗ ಅದರ ಕಾರ್ಡು ಇಟ್ಟುಕೊಂಡಿದ್ದವರ ಪಾಯಿಂಟ್ ಎಲ್ಲ ನೀರಿನಲ್ಲಿ ಹೋಮ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಪಾಯಿಂಟಿನ ಕಂಪನಿ ಬೇರೆಯದೇ ಆಗಿದ್ದರಿಂದ ಪಾಯಿಂಟ್ ಉಳಿಯಿತು, ವಿಮಾನ ಇಲ್ಲವಾಯಿತು. ಇನ್ನೊಂದು ಕಡೆ ನೋಡಿ: 2006ರಲ್ಲಿ ಶುರುವಾದ ಇಂಡಿಗೊ ಹದಿನೆಂಟು ವರ್ಷ ಇಂಥದ್ದೊಂದು ಸ್ವಂತ ಯೋಜನೆ ಇಲ್ಲದೆಯೇ ದೇಶದ ಅತಿ ದೊಡ್ಡ ಕಂಪನಿಯಾಗಿ ಬೆಳೆಯಿತು. ಬ್ಲೂಚಿಪ್ ಎಂಬುದನ್ನು ತಂದದ್ದು 2024ರಲ್ಲಿ. ಹೊತ್ತಿಗೆ ಸರಿಯಾಗಿ ಹೊರಡುತ್ತದೆ ಎಂಬ ಹೆಸರು, ಕಡಿಮೆ ದರ, ಎಲ್ಲ ಊರಿಗೂ ವಿಮಾನ, ಇಷ್ಟೇ ಸಾಕಾಗಿತ್ತು.

ಕಿಂಗ್‌ಫಿಶರ್ ಹೆಸರು ತೆಗೆದೆ. ಅದರ ಬಗ್ಗೆ ಒಂದು ಮಾತು ಹೇಳದಿದ್ದರೆ ನನ್ನ ವಾದ ಪೊಳ್ಳಾದೀತು. 2005ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಟ ಕಂಪನಿ ಅದು. ಪ್ರಯಾಣಿಕರನ್ನು ‘ಅತಿಥಿ’ ಎಂದೇ ಕರೆಯುತ್ತಿದ್ದರು. ಬ್ಯಾಗು ಎತ್ತಿಕೊಳ್ಳಲು ಹೊರಗೇ ಜನ ನಿಲ್ಲುತ್ತಿದ್ದರು. ಬಿಸಿ ಊಟ, ಸೀಟಿನ ಬೆನ್ನಿಗೆ ಟೀವಿ. ನನ್ನ ಗಿರಾಕಿಗಳು ಅದನ್ನು ಹೊಗಳಿದಷ್ಟು ಬೇರೆ ಯಾವುದನ್ನೂ ಹೊಗಳಲಿಲ್ಲ. ಆದರೂ ಅದು ಮುಳುಗಿತು. ಅದು ಶುರುವಾಗುವ ಎರಡು ವರ್ಷ ಮೊದಲೇ, 2003ರಲ್ಲಿ, ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರುಮಾಡಿ ಬೆಂಗಳೂರು–ಹುಬ್ಬಳ್ಳಿಗೆ ಪುಟ್ಟ ವಿಮಾನ ಹಾರಿಸಿದ್ದರು. ಅದರಲ್ಲಿ ನೀರಿನ ಬಾಟಲಿಗೂ ದುಡ್ಡು. ಜನ ಬೈದುಕೊಂಡೇ ಹತ್ತಿದರು, ಯಾಕೆಂದರೆ ಮೊದಲ ಸಲ ವಿಮಾನ ಅವರ ಕೈಗೆಟುಕಿತ್ತು. ಒಳ್ಳೆಯ ಸೇವೆ ಇದ್ದರೆ ಕಂಪನಿ ಬದುಕಿಯೇ ಬದುಕುತ್ತದೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಇಂಧನದ ಬಿಲ್ಲನ್ನು ನಗುಮುಖದಿಂದ ಕಟ್ಟಲಾಗುವುದಿಲ್ಲ. ಇನ್ನೊಂದು, ಹೊಗಳಿದ ಅದೇ ಗಿರಾಕಿಗಳು ಸ್ಕ್ರೀನಿನಲ್ಲಿ ಸಾವಿರ ರೂಪಾಯಿ ಕಡಿಮೆ ಕಂಡರೆ ‘ಈ ಸಲ ಇದರಲ್ಲೇ ಮಾಡಿ’ ಎನ್ನುತ್ತಿದ್ದರು. ಸುಖ ಕೊಟ್ಟವರನ್ನು ಜನ ಮೆಚ್ಚುತ್ತಾರೆ. ಕಷ್ಟದಲ್ಲಿ ಕೈಹಿಡಿದವರನ್ನು ಮಾತ್ರ ದುಡ್ಡು ಹೆಚ್ಚು ಕೊಟ್ಟು ಹುಡುಕಿಕೊಂಡು ಬರುತ್ತಾರೆ. ಮೆಚ್ಚುಗೆಗೂ ನಿಷ್ಠೆಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆಗ.

ಇನ್ನು, ನಿಷ್ಠೆಯ ವೇಷ ಹಾಕಿದ ಅನಿವಾರ್ಯತೆಯೂ ಒಂದಿದೆ. 2025ರ ಡಿಸೆಂಬರ್ ಮೊದಲ ವಾರ ನೆನಪಿರಬಹುದು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ತಯಾರಿ ಇಲ್ಲದೆ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. 5ನೇ ತಾರೀಕು ಒಂದೇ ದಿನ ಸಾವಿರಕ್ಕೂ ಹೆಚ್ಚು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ಮದುಮಕ್ಕಳೇ ಬರಲಾಗದೆ ಪರದೆಯ ಮೇಲೆ ಕಾಣಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇನ್ನು ಜನ್ಮದಲ್ಲಿ ಹತ್ತುವುದಿಲ್ಲ ಎಂದು ಆ ವಾರ ಎಷ್ಟೋ ಮಂದಿ ಹೇಳಿದರು. ಆದರೆ ದೇಶದೊಳಗೆ ಹಾರುವ ಹತ್ತು ಮಂದಿಯಲ್ಲಿ ಆರಕ್ಕೂ ಹೆಚ್ಚು ಮಂದಿ ಒಂದೇ ಕಂಪನಿಯಲ್ಲಿ ಹೋಗುವಾಗ, ಎಷ್ಟೋ ಊರಿಗೆ ಇರುವುದೇ ಅದೊಂದು ವಿಮಾನವಾಗಿರುವಾಗ, ಸಿಟ್ಟು ಹೋಗುವುದಾದರೂ ಎಲ್ಲಿಗೆ? ‘ಬೇರೆ ಉಂಟಾ?’ ‘ಇಲ್ಲ.’ ‘ಸರಿ, ಅದರಲ್ಲೇ ಮಾಡಿ.’ ಇಂಥ ಟಿಕೆಟೂ ಕಂಪನಿಯ ಕಡತದಲ್ಲಿ ‘ಮರಳಿ ಬಂದ ಗ್ರಾಹಕ’ ಎಂದೇ ದಾಖಲಾಗುತ್ತದೆ. ಇನ್ನೊಂದು ಕಂಪನಿ ಆ ದಾರಿಗೆ ಬಂದ ದಿನ ಮಾತ್ರ ನಿಜ ಹೊರಬೀಳುತ್ತದೆ. ಬಜಪೆಯಿಂದ 2006ರಲ್ಲಿ ನೇರ ದುಬೈ ವಿಮಾನ ಶುರುವಾದಾಗ ನೋಡಬೇಕಿತ್ತು. ಅಲ್ಲಿಯವರೆಗೆ ಬಸ್ಸಿನಲ್ಲೋ ರೈಲಿನಲ್ಲೋ ಮುಂಬೈಗೆ ಹೋಗಿ ಅಲ್ಲಿ ವಿಮಾನ ಹಿಡಿಯುತ್ತಿದ್ದ ನಮ್ಮ ಜನ, ಮುಂಬೈಯ ದಾರಿಯನ್ನೇ ಮರೆತವರಂತೆ ಒಂದೇ ಸೀಸನ್ನಿನಲ್ಲಿ ಇತ್ತ ತಿರುಗಿದರು.

ಗಲ್ಫಿನ ಮಾತು ಬಂತಲ್ಲ, ಮೂಲೆಯ ತಕ್ಕಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಮಗಳ ಮನೆಗೆ ಕುವೈತಿಗೆ ಹೋಗುವ ಬಾಯಮ್ಮ ಒಬ್ಬರು ಕುಚ್ಚಲಕ್ಕಿ, ಹಲಸಿನ ಹಪ್ಪಳ, ತೆಂಗಿನೆಣ್ಣೆ, ಕುಸ್ವಾರ್ ತಿಂಡಿಯ ಡಬ್ಬಿ ಎಲ್ಲ ತುಂಬಿ ಹಗ್ಗ ಬಿಗಿದ ಪೆಟ್ಟಿಗೆಯೊಂದಿಗೆ ವಿಮಾನ ನಿಲ್ದಾಣಕ್ಕೆ ಹೋದರು. ತೂಕ ಎರಡು ಕಿಲೋ ಹೆಚ್ಚು. ಕೌಂಟರಿನ ಹುಡುಗಿ ದುಡ್ಡು ಕೇಳಲಿಲ್ಲ. ‘ಆಂಟಿ, ಅಕ್ಕಿಯ ಒಂದು ಕಟ್ಟು ತೆಗೆದು ಕೈಚೀಲಕ್ಕೆ ಹಾಕಿ, ಅದರಲ್ಲಿ ಜಾಗ ಉಂಟು. ಎಣ್ಣೆ ಅಲ್ಲೇ ಇರಲಿ, ಕೈಯಲ್ಲಿ ಬಿಡುವುದಿಲ್ಲ’ ಎಂದಳು. ಹಗ್ಗ ಬಿಚ್ಚಲಿಕ್ಕೆ ಕತ್ತರಿ ಕೊಟ್ಟಳು, ಪುನಃ ಕಟ್ಟಲಿಕ್ಕೆ ಟೇಪು. ಇದರಲ್ಲಿ ಕಂಪನಿಯ ನಿಯಮ ಒಂದೂ ಮುರಿಯಲಿಲ್ಲ, ಖರ್ಚಾದದ್ದು ಒಂದು ಗೇಣು ಟೇಪು. ಮರುವರ್ಷ ಬಾಯಮ್ಮ ಬಂದು, ‘ಆ ಕತ್ತರಿ ಕೊಟ್ಟ ಹುಡುಗಿಯ ಫ್ಲೈಟ್’ ಎಂದೇ ಕೇಳಿದರು. ಕಂಪನಿಯ ಹೆಸರು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆಯೇ ನಾನು ಈ ತಕ್ಕಡಿ ತಂದಿಟ್ಟದ್ದು.

ಓದುವವರಿಗೆ ಉಪಯೋಗಕ್ಕೆ ಬರುವ ಕೆಲವು ಮಾತು. ನಮ್ಮ ದೇಶದಲ್ಲಿ ಪ್ರಯಾಣಿಕರ ಹಕ್ಕಿನ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಬರೆದಿಟ್ಟಿದೆ, ಕೇಳುವವರು ಕಡಿಮೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ ತಿಂಡಿ-ಪಾನೀಯ ಕೊ‌ಡಬೇಕು. ದೇಶದೊಳಗಿನ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾಗುವುದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಆಯ್ಕೆ ನಿಮ್ಮದು. ಮುಂಚೆ ತಿಳಿಸದೆ ರದ್ದುಮಾಡಿದರೆ ಹಾರಾಟದ ಅವಧಿ ನೋಡಿಕೊಂಡು 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಕಡಿಮೆಯದ್ದು ಪರಿಹಾರ. ಟಿಕೆಟ್ ಇದ್ದೂ ಸೀಟು ಭರ್ತಿ ಎಂದು ಹತ್ತಿಸದಿದ್ದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದಲ್ಲಿ ಪರಿಹಾರ 20,000 ರೂಪಾಯಿಯವರೆಗೂ ಹೋಗುತ್ತದೆ. ಮಳೆ, ಮಂಜಿನಂಥ ಕಾರಣಕ್ಕೆ ಈ ಪರಿಹಾರದ ದುಡ್ಡು ಸಿಗುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ದುಡ್ಡನ್ನಲ್ಲ, ಕಾರಣವನ್ನು. ಕೌಂಟರಿನಲ್ಲಿ ಕೂಗಾಡಬೇಡಿ, ಅಲ್ಲಿರುವವನಿಗೆ ನಿಮಗಿಂತ ಹೆಚ್ಚು ಗೊತ್ತಿರಲಿಕ್ಕಿಲ್ಲ. ಡ್ಯೂಟಿ ಮ್ಯಾನೇಜರ್ ಯಾರು ಎಂದು ಕೇಳಿ. ತಡವಾದ ಕಾರಣವನ್ನು ಬರೆದು ಕೊಡಿ ಎನ್ನಿ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಕಂಪನಿ ಸ್ಪಂದಿಸದಿದ್ದರೆ ಸರ್ಕಾರದ ಏರ್‌ಸೇವಾ ಆ್ಯಪಿನಲ್ಲಿ ದೂರು ದಾಖಲಿಸಬಹುದು.

ಮತ್ತೊಂದು ಕೋರಿಕೆ. ಯಾರಾದರೂ ಕುರ್ಚಿ ಹತ್ತಿ ನಿಜ ಹೇಳಿದರೆ, ಕತ್ತರಿ ಕೊಟ್ಟರೆ, ಸ್ವಂತ ಬಾಟಲಿಯಲ್ಲಿ ಬಿಸಿನೀರು ತಂದರೆ, ಎದೆಯ ಮೇಲಿನ ಹೆಸರು ನೋಡಿಕೊಳ್ಳಿ. ಮನೆಗೆ ಬಂದು ಕಂಪನಿಗೆ ಎರಡು ಸಾಲು ಬರೆಯಿರಿ, ಪಿಎನ್ಆರ್ ನಂಬರ್ ಹಾಕಿ. ಬೈಗುಳದ ಪತ್ರ ಬರೆಯುವವರು ಬೇಕಾದಷ್ಟಿದ್ದಾರೆ. ಬೆಂಗಳೂರಿನ ಆ ಸಣಕಲು ಹುಡುಗನ ಹೆಸರನ್ನು ನಾನು ನೋಡಿಕೊಳ್ಳಲಿಲ್ಲ, ಅದು ಇವತ್ತಿಗೂ ಕೊರೆಯುತ್ತದೆ.

ಅಮ್ಮನಿಗೆ ಆಗಸ್ಟಿನಲ್ಲಿ ಮತ್ತೆ ಮುಂಬೈಗೆ ಹೋಗಲಿಕ್ಕುಂಟು. ನಿನ್ನೆ ನೋಡಿದೆ, ಆ ಕಂಪನಿಯದ್ದು ಏಳುನೂರು ರೂಪಾಯಿ ಕಡಿಮೆ ಇತ್ತು. ಬೇರೆಯದರಲ್ಲಿ ಮಾಡಿದೆ.